ಚುಕ್ಕಿ ಇಲ್ಲದ ಅರವತ್ತು

2023ರ ಅಕ್ಟೋಬರ್ 17, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚುಕ್ಕಿಯಮ್ಮ ತಾವು ಮೂವತ್ತೊಂದು ವರ್ಷ ಕೆಲಸ ಮಾಡಿದ ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ಹಗ್ಗವನ್ನು ಎತ್ತಿ, ಬಗ್ಗಿ ಒಳಗೆ ಹೋದರು. ಹಗ್ಗದ ಪಕ್ಕದಲ್ಲಿ 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕವಿತ್ತು. ಒಳಗೆ ಎಲ್ಲವೂ ಇದ್ದಲ್ಲೇ ಇತ್ತು: ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಕಿಟಕಿಯ ಕೆಳಗೆ ವಿದ್ಯುತ್ ಕುಲುಮೆ, ಮೂಳೆಬೂದಿಯಲ್ಲಿ ಮಾಡಿದ ಪುಟ್ಟ ಬಟ್ಟಲುಗಳ ಸಾಲು. ಅವರ ಕುರ್ಚಿಯ ಮೇಲೆ ಮಾತ್ರ ಯಾರೋ ಅವರು ಎಂದೂ ಹಾಕಿಕೊಳ್ಳದಂಥ ಬಿಳಿ ಕೋಟೊಂದನ್ನು ನೇತುಹಾಕಿದ್ದರು.

"ನಾನು ಇನ್ನೂ ಬದುಕಿದ್ದೀನಿ ಅಂತ ಇವರಿಗೆ ಯಾರಾದರೂ ಹೇಳಬಾರದಾ?" ಎಂದರು ಚುಕ್ಕಿಯಮ್ಮ.

ಹಿಂದೆ ಬರುತ್ತಿದ್ದ ಪುಸ್ತಕದ ಹುಡುಗಿ ನಕ್ಕಳು. ಕಂಪನಿಗೆ ಬರುವ ಜನವರಿಯಲ್ಲಿ ಐವತ್ತು ತುಂಬುತ್ತದೆ. ಅದರ ಚರಿತ್ರೆ ಬರೆಯಲು ಗೊತ್ತುಮಾಡಿಕೊಂಡ ಹುಡುಗಿ ಇವಳು. ಒಂದು ವರ್ಷದಿಂದ ಹಳೆಯ ರಸೀದಿ, ಫೋಟೋ, ಜಾಹೀರಾತುಗಳ ನಡುವೆ ಹೂತುಹೋಗಿದ್ದಳು. ಅವಳ ಕೈಯಲ್ಲಿ ನೀಲಿ ಬಟ್ಟೆ ಹಾಸಿದ ದೊಡ್ಡ ತಟ್ಟೆ, ತಟ್ಟೆಯಲ್ಲಿ ಅರವತ್ತು ಒಡವೆಗಳು. ಉಂಗುರ, ಓಲೆ, ಬಳೆ, ಸರ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಮಾರಾಟವಾದ ವರ್ಷ.

"ಮೇಡಂ, ಐವತ್ತರ ಪ್ರದರ್ಶನಕ್ಕೆ ಅಂತ ಇವನ್ನ ಹಳೇ ಗಿರಾಕಿಗಳ ಹತ್ರ ಹುಡುಕಿ ಹುಡುಕಿ ತಂದಿದ್ದು. ಹಳೇದು ಕೊಟ್ಟೋರಿಗೆ ಕಂಪನಿ ಹೊಸ ಒಡವೆ ಕೊಟ್ಟಿದೆ. ಪಾಲಿಶ್ ಮಾಡಿ, ಮೇಲೆ ತೆಳ್ಳಗೆ ಚಿನ್ನದ ಲೇಪ ಕೊಟ್ಟು, ಮಿಷನ್ನಲ್ಲೂ ನೋಡಿಸಿದ್ದಾರೆ. ಎಲ್ಲಾ 916 ಆಸುಪಾಸು ಬಂದಿದೆ. ಆದರೆ ಚಿನ್ನ ಅಪ್ಪಟ ಅನ್ನೋಕೆ ಮಿಷನ್ ಚೀಟಿಗಿಂತ ನಿಮ್ಮ ಸಹಿಗೆ ತೂಕ ಜಾಸ್ತಿ ಅಂತ ದೊಡ್ಡವರು ಹೇಳಿದ್ರು."

ದೊಡ್ಡವರು ಎಂದರೆ ಕಂಪನಿಯ ಅಧ್ಯಕ್ಷರು. ಚುಕ್ಕಿಯಮ್ಮನ ಒಡಹುಟ್ಟಿದ ಅಣ್ಣ.

ಅಣ್ಣ ಅಂಗಡಿ ತೆರೆದದ್ದು 1974ರಲ್ಲಿ. ಈ ಕಟ್ಟಡದ ನೆಲಮಹಡಿಯಲ್ಲಿ ಒಂಬತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಜಾಗ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಮಾಲೀಕ ಹೊರಗೆ ನಿಲ್ಲಬೇಕಾದ ಅಂಗಡಿ. ಅದೇ ಬೀದಿಯಲ್ಲಿ ಇನ್ನೂ ಹದಿನೇಳು ಚಿನ್ನದ ಅಂಗಡಿಗಳಿದ್ದವು. ಎಲ್ಲರೂ ತಮ್ಮದೇ ಅಪ್ಪಟ ಎನ್ನುತ್ತಿದ್ದರು. ಅಣ್ಣ ಮಾತ್ರ, ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ಇಪ್ಪತ್ತೆರಡು ವರ್ಷದ ತಂಗಿಯನ್ನು ಕರೆತಂದು ಮೂರನೆಯ ಮಹಡಿಯಲ್ಲಿ ಈ ಕೋಣೆ ಮಾಡಿಕೊಟ್ಟರು. ತಯಾರಾದ ಪ್ರತಿ ಹತ್ತು ಒಡವೆಯಲ್ಲಿ ಒಂದು ಇಲ್ಲಿಗೆ ಬರಬೇಕು. ತಂಗಿ ಅದರ ಒಳಬದಿಯಿಂದ ಸಾಸಿವೆ ಕಾಳಿನಷ್ಟು ಚಿನ್ನ ಕೆರೆದು ಬೆಂಕಿಯಲ್ಲಿ ಪರೀಕ್ಷಿಸಬೇಕು. ಸರಿಯಿದ್ದರೆ ಕೆರೆದ ಜಾಗವನ್ನು ನಯ ಮಾಡಿ, ಪಕ್ಕದಲ್ಲಿ ಉಕ್ಕಿನ ಮೊನೆಯಿಂದ ಒಂದು ಚುಕ್ಕಿ ಇಡಬೇಕು. ಚುಕ್ಕಿಯಮ್ಮ ಎಂಬ ಹೆಸರು ಬಂದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಹುಡುಗಿ ತನ್ನ ಕರಡಿನ ಮೂರನೆಯ ಅಧ್ಯಾಯವನ್ನು ಓದಿ ಹೇಳಿದಳು. "'ಹತ್ತರಲ್ಲೊಂದು ಬೆಂಕಿ ಕಂಡ ಚಿನ್ನ' ಎಂಬ ಫಲಕ ಮೊದಲ ಅಂಗಡಿಯ ಮೇಲೆ ಏರಿತು. ಐದನೆಯ ವರ್ಷದಲ್ಲಿ ಮೂರು ಅಂಗಡಿ, ಹದಿನೈದನೆಯ ವರ್ಷದಲ್ಲಿ ಇಪ್ಪತ್ತೆರಡು, ಇಂದು ಇನ್ನೂರ ಹದಿನಾಲ್ಕು. ಬೇರೆ ಸರಣಿಗಳು ಬಾಗಿಲು ಮುಚ್ಚಿದ ಕಾಲದಲ್ಲೂ ಈ ಸಂಸ್ಥೆ ಬೆಳೆಯಲು ಎರಡು ಕಾರಣ. ಒಂದು, ಮೂರನೆಯ ಮಹಡಿಯಲ್ಲಿ ಕೂತ ಒಬ್ಬ ಹೆಣ್ಣುಮಗಳ ಕಣ್ಣು. ಎರಡು, ಹಳೆಯ ಒಡವೆ ವಾಪಸ್ ತಂದರೆ ಗುಂಜಿಯಷ್ಟೂ ಕಡಿತವಿಲ್ಲದೆ ತೆಗೆದುಕೊಳ್ಳುವ ಮಾತು... ಹೇಗಿದೆ ಮೇಡಂ?"

"ಒಂದು ಕಣ್ಣಿಗೆ ಈಗ ಪೊರೆ ಬಂದಿದೆ, ಅದನ್ನೂ ಸೇರಿಸು," ಎಂದರು ಚುಕ್ಕಿಯಮ್ಮ. ಆದರೂ ಮುಖ ಅರಳಿತ್ತು. ಮದುವೆ, ಮನೆ, ಮಕ್ಕಳು ಎಂದು ಬೇರೆಯವರು ಲೆಕ್ಕ ಹಾಕುವ ಜಾಗದಲ್ಲಿ ಅವರ ಬದುಕಿನಲ್ಲಿ ಇದ್ದದ್ದು ಈ ಕೋಣೆ. 2005ರಲ್ಲಿ ಕ್ಷಕಿರಣದ ಯಂತ್ರ ಬಂದು ಕೋಣೆಗೆ ಬೀಗ ಬಿದ್ದ ಮೇಲೂ, ಮುಟ್ಟಿದ ಚಿನ್ನದಲ್ಲಿ ತಪ್ಪು ಹೇಳಿಲ್ಲ ಎನ್ನುವ ಒಂದು ನೆಮ್ಮದಿಯ ಮೇಲೆ ಅವರು ರಾತ್ರಿ ತಲೆಯಿಟ್ಟು ಮಲಗುತ್ತಿದ್ದರು.

"ಇನ್ನೊಂದು ವಿಷಯ ಮೇಡಂ," ಎಂದಳು ಹುಡುಗಿ ಮೆಲ್ಲಗೆ. "ಮೊದಲ ನಾಲ್ಕು ವರ್ಷದ ಒಡವೆ ಒಂದೂ ಸಿಗಲಿಲ್ಲ. ತಟ್ಟೆಯಲ್ಲಿರೋದೆಲ್ಲ ಐದನೇ ವರ್ಷದಿಂದ 2005ರ ತನಕದ್ದು. ಮೊದಲ ವರ್ಷದ್ದು ಅಂತ ಇರೋದು ನಿಮ್ಮ ಕೈಯಲ್ಲಿರೋ ಬಳೆ ಒಂದೇ. ಪ್ರದರ್ಶನಕ್ಕೆ ಒಂದು ವಾರ..."

"ಅದು ಕೈ ಬಿಟ್ಟು ಬರಲ್ಲ ಮಗಳೇ. ಮಣಿಕಟ್ಟು ದಪ್ಪ ಆಗಿದೆ."

ಬಳೆಯನ್ನು ಅಣ್ಣ ಕೊಟ್ಟದ್ದು ಈ ಕೋಣೆ ತೆರೆದ ದಿನ. 'ಅಂಗಡಿಯ ಮೊದಲನೇ ಬಳೆ ಯಾರಿಗೂ ಮಾರಲ್ಲ, ನನ್ನ ತಂಗಿಗೆ' ಎಂದು ತಾವೇ ತೊಡಿಸಿದ್ದರು. ಅದನ್ನು ಚುಕ್ಕಿಯಮ್ಮ ಎಂದೂ ಪರೀಕ್ಷೆ ಮಾಡಿರಲಿಲ್ಲ. ಅಪ್ಪ ಚಿನ್ನದ ಕೆಲಸದವರು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಯಾರಾದರೂ ನಗುನಗುತ್ತಾ ಹೇಳಿದರೂ ಅಪ್ಪನ ಮುಖ ಸುಟ್ಟುಹೋಗುತ್ತಿತ್ತು. ಆ ಗಾದೆಗೆ ಎದುರಾಗಿ ಅವರು ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರು: ಮನೆಯವರು ಮನೆಯವರಿಗೆ ಕೊಟ್ಟ ಚಿನ್ನಕ್ಕೆ ಒರೆ ಇಲ್ಲ, ಬೆಂಕಿ ಇಲ್ಲ. ಪರೀಕ್ಷೆ ಮಾಡಿದರೆ ಗಾದೆಯನ್ನು ನಂಬಿದ ಹಾಗೆ.

ಚುಕ್ಕಿಯಮ್ಮ ಭೂತಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಮ್ಮ ಚುಕ್ಕಿಗಳನ್ನು ಹುಡುಕಲು ಕೂತರು. ಸಹಿ ಹಾಕುವ ಮೊದಲು ಹಳೆಯ ಗೆಳತಿಯರನ್ನು ನೋಡುವ ಆಸೆ, ಅಷ್ಟೆ. ಮೊದಲ ಉಂಗುರದಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಇಪ್ಪತ್ತು ನೋಡಿದಾಗ ಹುಡುಗಿ ಚಹಾ ತಂದಿಟ್ಟಳು. ನಲವತ್ತಕ್ಕೆ ಬರುವಾಗ ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅರವತ್ತೂ ಮುಗಿದವು. ಮತ್ತೆ ಮೊದಲಿನಿಂದ ನೋಡಿದರು.

ಒಂದರಲ್ಲೂ ಚುಕ್ಕಿ ಇರಲಿಲ್ಲ.

"ಸವೆದು ಹೋಗಿರಬಹುದಾ?" ಎಂದು ಹುಡುಗಿ ಕೇಳಿದಳು.

ಅದೇ ಪ್ರಶ್ನೆಯನ್ನು ಅವರೂ ಹಾಕಿಕೊಂಡಿದ್ದರು. ಆದರೆ ಕಂಪನಿಯ ಮುದ್ರೆ ಅವರ ಚುಕ್ಕಿಗಿಂತ ತೆಳು. ಐವತ್ತೆಂಟು ಒಡವೆಗಳಲ್ಲಿ ಅದು ಓದಲು ಬರುವಷ್ಟು ಉಳಿದಿತ್ತು. ತೆಳುವಾದದ್ದು ಉಳಿದು ಆಳವಾದದ್ದು ಸವೆಯುವುದಿಲ್ಲ.

ಅವರು ಹುಡುಗಿಯ ಕರಡಿನ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಹತ್ತಕ್ಕೊಂದಾದರೆ ಅರವತ್ತರಲ್ಲಿ ಆರು ಸಿಗಬೇಕು. ನಾಲ್ಕು ಸಿಕ್ಕರೂ ಸರಿ, ಎರಡಾದರೂ ಅದೃಷ್ಟ ಕೆಟ್ಟಿತು ಎನ್ನಬಹುದು. ಒಂದೂ ಸಿಗದಿರಲು ಹತ್ತರಲ್ಲಿ ಒಂಬತ್ತು ಎಂಬ ಭಾಗವನ್ನು ಅದರಿಂದಲೇ ಅರವತ್ತು ಸಲ ಗುಣಿಸಬೇಕು. ಬಂದ ಉತ್ತರ ಸಾವಿರದಲ್ಲಿ ಎರಡಕ್ಕೂ ಕಡಿಮೆ.

"ಸಾವಿರದಲ್ಲಿ ಎರಡು ಅಂದ್ರೆ ಆಗಬಾರದು ಅಂತೇನಿಲ್ಲವಲ್ಲ ಮೇಡಂ?"

"ಆಗಬಾರದು ಅಂತಿಲ್ಲ. ಆದರೆ ಸಹಿ ಹಾಕೋ ಮೊದಲು ಇನ್ನೊಂದು ಸಲ ನೋಡಬೇಕು ಅಂತಿದೆ. ತಟ್ಟೆ ಎರಡು ದಿನ ಇಲ್ಲೇ ಇರಲಿ. ಒಂದು ಲೋಟ ನೀರು ಕೊಡು."

"ಕುಡಿಯೋಕಾ?"

"ಉಂಗುರಕ್ಕೆ."

ಯಂತ್ರ ಚಿನ್ನದ ಚರ್ಮವನ್ನು ಮಾತ್ರ ನೋಡುತ್ತದೆ. ಹೊಸ ಲೇಪ ಕೊಟ್ಟ ಒಡವೆಯಲ್ಲಿ ಅದು ಲೇಪವನ್ನೇ ಓದಿರುತ್ತದೆ. ನೀರಿಗೆ ಆ ಭ್ರಮೆಯಿಲ್ಲ. 1988ರ ಚೀಟಿಯಿದ್ದ ಒಂದು ಗಟ್ಟಿ ಉಂಗುರವನ್ನು ಚುಕ್ಕಿಯಮ್ಮ ಗಾಳಿಯಲ್ಲಿ ತೂಗಿದರು: ಎಂಟು ಗ್ರಾಂ ನಾನೂರ ಹನ್ನೆರಡು ಮಿಲಿಗ್ರಾಂ. ಆಮೇಲೆ ಗುಳ್ಳೆ ಅಂಟದಿರಲೆಂದು ನೀರಿಗೆ ಒಂದು ಹನಿ ಸೋಪು ಬೆರೆಸಿ, ಉಂಗುರವನ್ನು ಕೂದಲೆಳೆಯಲ್ಲಿ ಇಳಿಬಿಟ್ಟು, ನೀರೊಳಗೆ ತೂಗಿದರು. ಹೇಳಿದಷ್ಟು ಚಿನ್ನವಿದ್ದರೆ ತೂಕ ಹೆಚ್ಚುಕಡಿಮೆ ನಾನೂರ ಎಪ್ಪತ್ತೈದು ಮಿಲಿಗ್ರಾಂ ಇಳಿಯಬೇಕು. ಇಳಿದದ್ದು ಐನೂರ ಹತ್ತೊಂಬತ್ತು.

ಸಂಜೆಯೊಳಗೆ ಟೊಳ್ಳಿಲ್ಲದ ಇಪ್ಪತ್ತೆರಡು ಒಡವೆಗಳನ್ನು ನೀರಿಗಿಳಿಸಿದರು. ಇಪ್ಪತ್ತೆರಡೂ ಅದೇ ಕಥೆ ಹೇಳಿದವು.

ಮರುದಿನ ಬೆಳಗ್ಗೆ ಮೂರನ್ನು ಆರಿಸಿ ಕೆರೆದರು. ಕೆರೆದ ಚೂರನ್ನು ತೂಗಿ, ಬೆಳ್ಳಿಯ ಜೊತೆ ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಬೂದಿಯ ಬಟ್ಟಲಲ್ಲಿಟ್ಟು ಕುಲುಮೆಗೆ ಕೊಟ್ಟರು. ಸೀಸ ಕರಗಿ, ತಾಮ್ರವನ್ನು ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ಉಳಿಯುವ ಮಣಿಯನ್ನು ಬಡಿದು ಹಾಳೆ ಮಾಡಿ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿಯೂ ಹೋಗುತ್ತದೆ. ಕೊನೆಗೆ ಇರುವುದು ಚಿನ್ನ ಮಾತ್ರ. ಅದಕ್ಕೆ ಮುಖಸ್ತುತಿ ಬರುವುದಿಲ್ಲ. 916 ಎಂದು ಮುದ್ರೆಯಿದ್ದ ಮೂರು ಒಡವೆಗಳಲ್ಲಿ ಸಾವಿರಕ್ಕೆ 834, 829, 836 ಭಾಗ ಚಿನ್ನವಿತ್ತು.

ಹುಡುಗಿ ಕೂತಲ್ಲಿಂದ ಎದ್ದು ನಿಂತಳು. "ಅಂದ್ರೆ... ನಿಮ್ಮ ಪರೀಕ್ಷೆ ತಪ್ಪಾಗ್ತಿತ್ತಾ ಮೇಡಂ?"

ಆ ಕ್ಷಣದಲ್ಲಿ ಚುಕ್ಕಿಯಮ್ಮನಿಗೆ ಹಾಗಿದ್ದರೆ ಸಾಕು ಅನ್ನಿಸಿತು. ತಪ್ಪು ತಮ್ಮದಾದರೆ ಅದಕ್ಕೆ ಒಂದು ಕಾರಣ ಇರುತ್ತದೆ. ಕೆಟ್ಟ ಆಮ್ಲ, ತಪ್ಪು ತೋರುವ ತಕ್ಕಡಿ. ಗಾಜಿನ ಕಪಾಟು ತೆಗೆಸಿ, ತಮ್ಮ ಹಳೆಯ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಪುಟ ತಿರುಗಿಸಿದಲ್ಲೆಲ್ಲ ಅವರದೇ ದುಂಡು ಅಕ್ಷರದಲ್ಲಿ 916.2, 916.0, 916.3, 916.1. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ. ಒಂದು ಕಾಲದಲ್ಲಿ ಈ ಪುಟಗಳನ್ನು ನೋಡಿ 'ನಮ್ಮ ಕೆಲಸಗಾರರ ಕೈ ಎಷ್ಟು ಹದ!' ಎಂದು ಹೆಮ್ಮೆಪಟ್ಟಿದ್ದರು.

ಈಗ ಅದೇ ಪುಟ ಅವರನ್ನು ನೋಡಿ ನಕ್ಕಂತಾಯಿತು. ಬೇರೆಬೇರೆ ದಿನ, ಬೇರೆಬೇರೆ ಕೈಯಲ್ಲಿ ಕರಗಿದ ಚಿನ್ನ ಹೀಗೆ ಬರುವುದಿಲ್ಲ. ಒಂದು ದಿನ 913, ಇನ್ನೊಂದು ದಿನ 919 ಎಂದು ಚೆದುರಿರಬೇಕು. ಚೆದುರದ ಅಳತೆಯನ್ನು ಮೊದಲು ಅನುಮಾನಿಸು ಎಂದು ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸಿದ್ದರು. ಬೇರೆ ಯಾರ ಪುಸ್ತಕವಾಗಿದ್ದರೂ ಮೂರು ಪುಟದಲ್ಲಿ ಹಿಡಿಯುತ್ತಿದ್ದರು. ತಮ್ಮದೆಂದು ಮೂವತ್ತೊಂದು ವರ್ಷ ಹಿಡಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಪರೀಕ್ಷೆ ಸರಿಯಾಗೇ ಇತ್ತು ಮಗಳೇ," ಎಂದರು. "ಮತ್ತೆ ಮತ್ತೆ ಒಂದೇ ಚಿನ್ನವನ್ನ ಪರೀಕ್ಷೆ ಮಾಡಿದ್ದೀನಿ ಅನ್ಸುತ್ತೆ."

ಅದನ್ನು ಹೇಳಬಲ್ಲವರು ಒಬ್ಬರಿದ್ದರು. ಕಂಪನಿಯ ಎಲ್ಲ ಚಿನ್ನವನ್ನೂ ಕರಗಿಸುತ್ತಿದ್ದ ಕುಲುಮೆ ಮಾಮ. ಅವರಿಗೀಗ ಎಂಬತ್ತನಾಲ್ಕು. ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದರು. ಚುಕ್ಕಿಯಮ್ಮ ಹೋದಾಗ ಮಾಮ ಕಿಟಕಿಯ ಬಳಿ ಕೂತು ರೇಡಿಯೋದ ಹೊಟ್ಟೆ ಬಿಚ್ಚಿ ಹರಡಿಕೊಂಡಿದ್ದರು.

"ಬನ್ನಿ ತಾಯಿ, ಬನ್ನಿ. ಈ ರೇಡಿಯೋಗೆ ನನಗಿಂತ ಕೆಮ್ಮು ಜಾಸ್ತಿ. ಚೆನ್ನಾಗಿದ್ದೀರಾ? ಏನೋ ದೊಡ್ಡ ಪುಸ್ತಕ ಬರ್ತಿದೆಯಂತೆ, ಅದರಲ್ಲಿ ನಿಮ್ಮ ಫೋಟೋ ಅಂತೆ?"

"ಮಾಮ, ಒಂದು ಮಾತು ಕೇಳ್ತೀನಿ. ನಾನು ಚುಕ್ಕಿ ಇಟ್ಟ ಒಡವೆ ಆಮೇಲೆ ಎಲ್ಲಿಗೆ ಹೋಗ್ತಿತ್ತು?"

ಮಾಮ ಕೈಯಲ್ಲಿದ್ದ ತಿರುಪನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಮೂಡಿದ್ದು ಹೆದರಿಕೆಯಲ್ಲ, ಗೊಂದಲ.

"ಎಲ್ಲಿಗೆ ಅಂದ್ರೆ? ನನ್ನ ಹತ್ರಕ್ಕೇ. ಸಂಜೆ ದೊಡ್ಡವರೇ ಪೊಟ್ಟಣ ಕಟ್ಟಿ ಕೊಡ್ತಿದ್ರು. ನಾನು ಬೇರೆ ಮೂಸೆಯಲ್ಲಿ ಕರಗಿಸಿ ಇಡ್ತಿದ್ದೆ. ಅದರಿಂದಾನೇ ಮತ್ತೆ ನಿಮ್ಮ ತಟ್ಟೆಗೆ ಒಡವೆ ಮಾಡ್ತಿದ್ರು. ನೀವು ಕೆರೆದಷ್ಟು ಕಮ್ಮಿ ಆದಾಗ ಒಂಚೂರು ಒಳ್ಳೇ ಚಿನ್ನ ಸೇರಿಸೋದು. ಅದನ್ನ ನಾವು 'ಅಮ್ಮನ ಮೂಸೆ' ಅಂತ ಕರೀತಿದ್ವಿ."

"ಅಂಗಡಿಗೆ ಹೋಗ್ತಿದ್ದದ್ದು?"

"ಅದು ಬೇರೆ ಮೂಸೆ." ಮಾಮ ಅವರ ಮುಖವನ್ನೇ ನೋಡಿದರು. "ಯಾಕಮ್ಮ ಹೀಗೆ ಕೇಳ್ತಿದ್ದೀರಿ? ನಿಮಗೆ ಗೊತ್ತಿರಲಿಲ್ವಾ?"

ಚುಕ್ಕಿಯಮ್ಮ ಇಲ್ಲವೆಂದು ತಲೆಯಾಡಿಸಿದರು.

"ಅಯ್ಯೋ ದೇವರೇ!" ಮಾಮ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು. "ಅಣ್ಣ ತಂಗಿ ಮಾತಾಡಿಕೊಂಡೇ ಮಾಡ್ತಿದ್ದಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಲ್ಲ ತಾಯಿ! ಕುಲುಮೆ ಮನೆಯಲ್ಲಿ ಎಲ್ಲರೂ. ಊಟಕ್ಕೆ ಕೂತಾಗ ಅದೇ ಮಾತು. ಈ ಅಮ್ಮ ಎಷ್ಟು ಚೆನ್ನಾಗಿ ನಾಟಕ ಆಡ್ತಾರೆ, ಮುಖದ ಮೇಲೆ ಒಂದು ಗೆರೆ ಅಲ್ಲಾಡಲ್ಲ ಅಂತ..."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಚುಕ್ಕಿಯಮ್ಮನಿಗೆ ಹಳೆಯ ದೃಶ್ಯವೊಂದು ನೆನಪಾಯಿತು. ಅವರು ಕುಲುಮೆ ಮನೆಗೆ ಕಾಲಿಟ್ಟ ಕೂಡಲೇ ಕೆಲಸದವರ ಮಾತು ನಿಲ್ಲುತ್ತಿತ್ತು. ಅದನ್ನು ಅವರು ಗೌರವವೆಂದು ತಿಳಿದಿದ್ದರು.

ಅಣ್ಣನ ಕೋಣೆ ಕೇಂದ್ರ ಕಚೇರಿಯ ಹನ್ನೊಂದನೆಯ ಮಹಡಿಯಲ್ಲಿತ್ತು. ಎಪ್ಪತ್ತೊಂಬತ್ತಾದರೂ ದಿನಕ್ಕೆ ಮೂರು ಗಂಟೆ ಬಂದು ಕೂರುತ್ತಿದ್ದರು. ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಗುಂಡುಸೂಜಿ. ಒಂದೊಂದು ಸೂಜಿ ಒಂದೊಂದು ಅಂಗಡಿ. ತಂಗಿಯನ್ನು ನೋಡಿ ಎದ್ದು ಬಂದು ತಾವೇ ಕುರ್ಚಿ ಎಳೆದು ಕೊಟ್ಟರು.

"ಬಾ ಚುಕ್ಕಿ. ಸಕ್ಕರೆ ಇಲ್ಲದ ಬಿಸ್ಕತ್ತಿದೆ, ತಿಂತೀಯಾ? ರಟ್ಟು ತಿಂದ ಹಾಗಿರುತ್ತೆ. ಡಾಕ್ಟರಿಗೆ ಖುಷಿಯಾಗಲಿ ಅಂತ ತಿಂತಿದ್ದೀನಿ."

ಚುಕ್ಕಿಯಮ್ಮ ಮೂರು ಅಂಕಿಗಳಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟರು. "ಕುಲುಮೆ ಮಾಮನ ಹತ್ರಾನೂ ಹೋಗಿ ಬಂದೆ."

ಅಣ್ಣ ಚೀಟಿ ನೋಡಿದರು. ಅರ್ಧ ಕಡಿದ ಬಿಸ್ಕತ್ತನ್ನು ತಟ್ಟೆಗೆ ಹಾಕಿದರು. ಗಡಿಬಿಡಿ ಮಾಡಲಿಲ್ಲ. ಈ ದಿನಕ್ಕಾಗಿ ಎಂದೋ ಮಾತು ಜೋಡಿಸಿಟ್ಟುಕೊಂಡಿದ್ದವರಂತೆ ನಿಧಾನವಾಗಿ ಶುರುಮಾಡಿದರು.

"ಯಾರಿಗೆ ನಷ್ಟ ಆಯ್ತು ಹೇಳು. ವಾಪಸ್ ತಂದವರಿಗೆಲ್ಲ ಗುಂಜಿ ಕಡಿಮೆ ಮಾಡದೆ ತಗೊಂಡಿದ್ದೀನಿ."

"ಬೇರೆ ಅಂಗಡಿಗೆ ಒಯ್ದು ಒರೆಗೆ ಹಚ್ಚಬಾರದು ಅಂತ ತಗೊಂಡೆ."

"ಹೌದು. ತಪ್ಪೇನು? ಅವರ ಕೈಗೆ ಪೂರ್ತಿ ಸಿಕ್ಕಿತಲ್ಲ?"

"ವಾಪಸ್ ತರದವರು?"

"ಅವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ ಗಾಯಕ್ಕೆ ಮುಲಾಮು ಯಾಕೆ? 2005ರಿಂದ ಈಚೆಗೆ ಒಂದು ಒಡವೆಯಲ್ಲಿ ತಪ್ಪು ತೋರಿಸು, ಈ ಕುರ್ಚಿ ಬಿಟ್ಟು ಎದ್ದು ಹೋಗ್ತೀನಿ. ಈಗ ಎಲ್ಲಾ ಸ್ವಚ್ಛ. ಬೆಳೆಯೋ ತನಕ ಸ್ವಲ್ಪ ಕೆಸರು ತುಳೀಬೇಕಾಯ್ತು. ಯಾವ ದೊಡ್ಡ ಸರಣಿ ತುಳಿದಿಲ್ಲ?"

"ಬೇರೆಯವರ ವಿಷಯ ನನಗೆ ಬೇಡ ಅಣ್ಣ. ನನ್ನನ್ನ ಯಾಕೆ ಅಲ್ಲಿ ಕೂರಿಸಿದೆ? ದುಡ್ಡು ಕೊಟ್ರೆ ಸುಳ್ಳು ಹೇಳೋ ನೂರು ಜನ ಸಿಗ್ತಿದ್ರು."

ಅಣ್ಣ ಮೊದಲ ಸಲ ಮುಖ ತಿರುಗಿಸಿದರು.

"ಸುಳ್ಳು ಹೇಳೋರನ್ನ ಜನ ಎರಡು ದಿನಕ್ಕೆ ಕಂಡುಹಿಡೀತಾರೆ," ಎಂದರು. "ನಿನಗೆ ಸುಳ್ಳು ಹೇಳೋಕೆ ಬರಲ್ಲ. ಗಿರಾಕಿಗಳನ್ನ ಮೂರನೇ ಮಹಡಿಗೆ ಕರ್ಕೊಂಡು ಬರ್ತಿದ್ದೆ, ನೆನಪಿದೆಯಾ? ನೀನು ಬೆಂಕಿ ಮುಂದೆ ಬೆವರಿಕೊಂಡು, ತಲೆ ಎತ್ತದೆ ತೂಗ್ತಾ ಇರ್ತಿದ್ದೆ. ನಿನ್ನ ಮುಖ ನೋಡಿ ಕೆಳಗಿಳಿದವರು ಇನ್ನೊಂದು ಪ್ರಶ್ನೆ ಕೇಳ್ತಿರಲಿಲ್ಲ. ನಿನಗೆ ಗೊತ್ತಾಗಿದ್ರೆ ಆ ಮುಖ ಇರ್ತಿರಲಿಲ್ಲ."

ಕಿಟಕಿಯಾಚೆ ಯಾರೋ ಕಟ್ಟಡದ ಗಾಜು ಒರೆಸುತ್ತಿದ್ದರು. ಹಗ್ಗದ ಮೇಲೆ ತೂಗಾಡುತ್ತಾ, ಒಂದು ಚೌಕ ಮುಗಿಸಿ ಇನ್ನೊಂದು ಚೌಕಕ್ಕೆ.

"ನಿನ್ನನ್ನ ಬಳಸಿಕೊಂಡೆ, ಒಪ್ಪಿದೆ," ಎಂದರು ಅಣ್ಣ. ದನಿ ಇಳಿದಿತ್ತು. "ಆದರೆ ಶುರುವಿನಲ್ಲಿ ಹಾಗಿರಲಿಲ್ಲ. ಐದನೇ ವರ್ಷ, ಮೂರನೇ ಅಂಗಡಿ ತೆರೆದಾಗ ಸಾಲ ಕುತ್ತಿಗೆಗೆ ಬಂತು, ಆಗ ಶುರುವಾಗಿದ್ದು. ಮೊದಲ ನಾಲ್ಕು ವರ್ಷ ನಾವಿಬ್ಬರೂ ಮಾಡಿದ್ದು ನಿಜವಾದ ಕೆಲಸ. ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ನಿನ್ನ ಕೈಯಲ್ಲಿದೆಯಲ್ಲ ಬಳೆ, ಅದು ಆ ಕಾಲದ್ದು. ನಿನಗೆ ನಾನು ಕೊಟ್ಟಿದ್ದು ಅಪ್ಪಟ. ನಂಬಿಕೆ ಇಲ್ಲದಿದ್ರೆ ಹೋಗಿ ಬೆಂಕಿಗೆ ಹಾಕು."

ಹಾಗೆಂದು ಸಣ್ಣಗೆ ನಕ್ಕರು. ತಂಗಿ ಹಾಕುವುದಿಲ್ಲವೆಂದು ಗೊತ್ತಿದ್ದವರ ನಗು. ಅಪ್ಪನ ಕಟ್ಟಳೆಯ ಕೆಳಗೆ ಇಬ್ಬರೂ ಒಟ್ಟಿಗೇ ಬೆಳೆದವರು.

"ಸಹಿ ಬೇಡ ಬಿಡು. ಕಣ್ಣು ಕಾಣಲ್ಲ ಅಂತ ಆ ಹುಡುಗಿಗೆ ಹೇಳು, ನಂಬ್ತಾಳೆ. ಮಿಷನ್ ಚೀಟಿ ಸಾಕು. ಇನ್ನೂರ ಹದಿನಾಲ್ಕು ಅಂಗಡಿಯಲ್ಲಿ ಒಂಬತ್ತು ಸಾವಿರ ಜನ ಊಟ ಮಾಡ್ತಿದ್ದಾರೆ ಚುಕ್ಕಿ. ನೀನು ಸುಳ್ಳು ಹೇಳಬೇಡ. ಸುಮ್ಮನೆ ಇರು, ಸಾಕು."

ಲಿಫ್ಟಿನಲ್ಲಿ ಇಳಿಯುವಾಗ ಚುಕ್ಕಿಯಮ್ಮ, ಸುಮ್ಮನಿರಬಹುದೇನೋ ಎಂದುಕೊಂಡರು. ಒಂಬತ್ತು ಸಾವಿರ ಸಣ್ಣ ಅಂಕಿಯಲ್ಲ. ಮೊದಲ ನಾಲ್ಕು ವರ್ಷ ನಿಜವಾದರೆ, ಹಿಡಿದು ನಿಲ್ಲಲು ಅಷ್ಟಾದರೂ ನೆಲ ಉಳಿಯುತ್ತದೆ. ಇಪ್ಪತ್ತೆರಡು ವರ್ಷದ ತಂಗಿಯ ಕೈ ಹಿಡಿದು ಬಳೆ ತೊಡಿಸಿದ ಅಣ್ಣನೂ ಉಳಿಯುತ್ತಾನೆ. ಆ ಅಣ್ಣನಿಗಾಗಿ ಕಣ್ಣು ಕಾಣುವುದಿಲ್ಲ ಎಂದು ಒಂದು ಮಾತು ಹೇಳಿಬಿಡಬಹುದು. ಅರ್ಧ ನಿಜವೂ ಹೌದು, ಪೊರೆಯಂತೂ ಇದೆ.

ಎಲ್ಲವೂ ಒಂದು ಬಳೆಯ ಮೇಲೆ ನಿಂತಿತ್ತು. ಆ ಬಳೆಯನ್ನು ಯಾರೂ ಅಳೆದಿರಲಿಲ್ಲ. ಅಳೆಯದ್ದನ್ನು ನಂಬಿಯೇ ಇಲ್ಲಿಯವರೆಗೆ ಬಂದದ್ದು.

ಮರುದಿನ, ಗುರುವಾರ ಬೆಳಗ್ಗೆ ಎಂಟೂವರೆಗೆ ಅವರು ಮೂರನೆಯ ಮಹಡಿಯ ನಲ್ಲಿಯ ಕೆಳಗೆ ಕೈಯೊಡ್ಡಿ ಮಣಿಕಟ್ಟಿಗೆ ಸೋಪು ಹಚ್ಚುತ್ತಿದ್ದರು. ಹುಡುಗಿ ಬೆರಳುಗಳನ್ನು ಒತ್ತಿ ಹಿಡಿದಿದ್ದಳು.

"ನೋವಾಗ್ತಿದೆಯಾ ಮೇಡಂ? ನಿಲ್ಲಿಸ್ಲಾ?"

"ಎಳಿ. ಮೂಳೆ ಮುರಿದರೆ ಕಂಪನಿ ಚರಿತ್ರೆಯಲ್ಲಿ ಬರ್ಕೊ."

ಗೆಣ್ಣಿನ ಚರ್ಮ ಕಿತ್ತುಕೊಂಡು ಬಳೆ ಹೊರಬಂತು. ನಲವತ್ತೊಂಬತ್ತು ವರ್ಷ ಅದು ಕೂತಿದ್ದ ಜಾಗದಲ್ಲಿ ಬಿಳಿಚಿದ ಒಂದು ಗುಂಡು ಗೆರೆ ಉಳಿಯಿತು. ಚುಕ್ಕಿಯಮ್ಮ ಬಳೆಯನ್ನು ಒರೆಸಿ, ಬೆಳಕಿಗೆ ಹಿಡಿದು, ಒಳಬದಿಯಲ್ಲಿ ಎರಡು ಕಡೆ ಕೆರೆದರು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವರು ನೋಡುತ್ತಿರಲಿ ಎಂದು ಬಿಟ್ಟರು.

ಎರಡೂ ಚೂರುಗಳನ್ನು ಬೇರೆಬೇರೆ ಬಟ್ಟಲಲ್ಲಿಟ್ಟು ಕುಲುಮೆಯ ಬಾಗಿಲು ಮುಚ್ಚಿದ ಮೇಲೆ ಕಾಯುವುದಷ್ಟೇ ಕೆಲಸ. ಆ ಹೊತ್ತಿನಲ್ಲಿ ಅವರು ಕಂಪನಿಯ ಗುರುತಿದ್ದ ದಪ್ಪ ಕಾಗದದಲ್ಲಿ, ತಮ್ಮ ಹಳೆಯ ದುಂಡು ಅಕ್ಷರದಲ್ಲಿ ಬರೆಯತೊಡಗಿದರು. ತಟ್ಟೆಯಲ್ಲಿದ್ದವು ಅರವತ್ತು. ಚುಕ್ಕಿ ಇರುವುದು ಸೊನ್ನೆ. ನೀರಿನಲ್ಲಿ ತೂಗಿದ್ದು ಇಪ್ಪತ್ತೆರಡು, ಬೆಂಕಿಯಲ್ಲಿ ನೋಡಿದ್ದು ಮೂರು. ಒಂದೊಂದರ ಮುಂದೆ ಒಂದೊಂದು ಅಂಕಿ. ಮಿಕ್ಕವನ್ನು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಅಂಕಿಗಳ ಕೆಳಗೆ ಒಂದು ಸಾಲು ಖಾಲಿ ಬಿಟ್ಟರು.

"ಇದನ್ನ ಪುಸ್ತಕಕ್ಕೆ ಕೊಡ್ತೀರಾ ಮೇಡಂ?" ಎಂದಳು ಹುಡುಗಿ. "ನನ್ನ ಕೆಲಸ ಹೋಗುತ್ತೆ."

"ಇನ್ನೂ ಗೊತ್ತಿಲ್ಲ. ಬಳೆ ಅವನು ಹೇಳಿದ ಹಾಗೇ ಇದ್ದರೆ ಈ ಕಾಗದ ಇದೇ ಕುಲುಮೆಗೆ ಹೋಗುತ್ತೆ. ಇಲ್ಲದಿದ್ರೆ ನಿನಗೆ ಕೊಡ್ತೀನಿ, ಇಂಥದೇ ಇನ್ನೊಂದು ಗ್ರಾಹಕರ ದೂರು ಕೇಳೋ ಕಚೇರಿಗೆ ಹೋಗುತ್ತೆ, ನನ್ನ ಹೆಸರಲ್ಲೇ. ಅಪ್ಪ ಅಮ್ಮ ಇಟ್ಟ ಹೆಸರಲ್ಲಿ. ನೀನು ಕೊಟ್ಟೆ ಅಂತ ಯಾರೂ ಹೇಳಲ್ಲ."

ಮಧ್ಯಾಹ್ನ ಎರಡಕ್ಕೆ ಆಮ್ಲದಿಂದ ತೆಗೆದು ತೊಳೆದ ಎರಡು ಪುಟ್ಟ ಸುರುಳಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮತ್ತೊಮ್ಮೆ ಕಾಯಿಸಿದಾಗ ಹಳದಿಯಾದವು. ಚುಕ್ಕಿಯಮ್ಮ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು ಕೂತರು. ಮೊದಲನೆಯದನ್ನು ತೂಗಿ ಭಾಗಿಸಿದರು. ಎರಡನೆಯದನ್ನೂ ತೂಗಿ ಭಾಗಿಸಿದರು. ಎರಡಕ್ಕೂ ನಡುವೆ ಅರ್ಧ ಅಂಕಿಯ ವ್ಯತ್ಯಾಸವೂ ಇರಲಿಲ್ಲ. ಕೈ ಸರಿಯಿತ್ತು, ತಕ್ಕಡಿಯೂ ಸರಿಯಿತ್ತು.

ಅಂಗಡಿಯಲ್ಲಿ ಅಪರಿಚಿತರಿಗೆ ಮಾರಿದ ಉಂಗುರಕ್ಕಿಂತಲೂ ಅದು ಕಡಿಮೆಯಿತ್ತು.

ಅವರು ಬಹಳ ಹೊತ್ತು ತಮ್ಮ ಮಣಿಕಟ್ಟಿನ ಬಿಳಿ ಗೆರೆಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕಾಗದವನ್ನು ಹುಡುಗಿಯ ಕಡೆ ಸರಿಸಿದರು.

"ಕೊನೇ ಸಾಲು ನೀನೇ ಬರಿ ಮಗಳೇ. ಇದು ನನ್ನ ಅಕ್ಷರದಲ್ಲಿ ಬೇಡ. ಕೆಳಗೆ ಸಹಿ ನಾನು ಹಾಕ್ತೀನಿ."

"ಹೇಳಿ ಮೇಡಂ."

"ಅರವತ್ತೊಂದು. ಬಳೆ. ಮೊದಲನೇ ವರ್ಷ, ಮೊದಲನೇ ಒಡವೆ. ಎರಡು ಸಲ ಪರೀಕ್ಷೆ ಮಾಡಿದೆ. ಸಾವಿರಕ್ಕೆ ಏಳುನೂರ ನಲವತ್ತೆಂಟು."